ಹೆಬ್ಬೆರಳ ಬುಡದಲ್ಲಿ 12 ಕಿಲೋ

ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿಯಿದ್ದರೆ ಅದರ ತಟ್ಟೆಯ ಮೇಲೆ ಹೆಬ್ಬೆರಳಿನ ತುದಿಯಿಟ್ಟು ಒತ್ತಿ ನೋಡಿ. 1 ಕಿಲೋ ದಾಟುವುದು ಸುಲಭ. 3 ಕಿಲೋ ಹತ್ತಿರ ಬರುವಷ್ಟರಲ್ಲಿ ಉಗುರು ಬಿಳಿಚಿಕೊಳ್ಳುತ್ತದೆ. 5 ಕಿಲೋದಲ್ಲಿ ಅಂಕಿ ಅಲುಗದಂತೆ ಒಂದು ನಿಮಿಷ ಹಿಡಿಯಲು ಹೋದರೆ ಮಣಿಕಟ್ಟಿಗೆ ಅಂಟಿಕೊಂಡಿರುವ ಬುಡದ ಕೀಲು ತಾನೂ ಇದ್ದೇನೆಂದು ಹೇಳತೊಡಗುತ್ತದೆ. ಬಿಗಿದುಕೊಂಡ ಭುಜವನ್ನೋ ಸೊಂಟವನ್ನೋ ಸಡಿಲಿಸುವ ಮಸಾಜ್ ಥೆರಪಿಸ್ಟ್ ಇಂಥ ಒತ್ತನ್ನು ದಿನವಿಡೀ, ಒಬ್ಬರಾದ ಮೇಲೆ ಒಬ್ಬರಿಗೆ, ವಾರಕ್ಕೆ ಆರು ದಿನ ಕೊಡುತ್ತಾರೆ. ಅದರ ಬೆಲೆ ಯಾವ ಕೀಲಿನಲ್ಲಿ ಸಂದಾಯವಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ.

ಅಮೆರಿಕದ ಮೇಯೊ ಕ್ಲಿನಿಕ್‌ನ ವಿಲಿಯಂ ಕೂನಿ ಮತ್ತು ಎಡ್ಮಂಡ್ ಚಾವೊ 1977ರಲ್ಲಿ ಹೆಬ್ಬೆರಳಿನ ಕೀಲುಗಳ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕಿದರು. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳ ನಡುವೆ 1 ಕಿಲೋ ಬಲದಿಂದ ಏನನ್ನಾದರೂ ಹಿಡಿದಾಗ ತುದಿಯ ಕೀಲಿನಲ್ಲಿ ಸುಮಾರು 3 ಕಿಲೋ, ನಡುವಿನ ಕೀಲಿನಲ್ಲಿ 5.4 ಕಿಲೋ, ಬುಡದ ಕೀಲಿನಲ್ಲಿ 12 ಕಿಲೋ ಒತ್ತಡ ಬೀಳುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ತುದಿಯಲ್ಲಿ ಒಂದು, ಬುಡದಲ್ಲಿ ಹನ್ನೆರಡು.

ಇದು ಸನ್ನೆಕೋಲಿನ ಲೆಕ್ಕ. ಹೆಬ್ಬೆರಳಿನ ತುದಿಯಿಂದ ಬುಡದ ಕೀಲಿಗೆ ಸುಮಾರು 10 ಸೆಂ.ಮೀ. ದೂರ. ಆ ಕೀಲನ್ನು ಮಡಚದಂತೆ ಹಿಡಿದು ನಿಲ್ಲಿಸುವ ಸ್ನಾಯುಗಳಾದರೋ ಕೀಲಿಗೆ ತೀರ ಹತ್ತಿರ, 1 ಸೆಂ.ಮೀ. ಆಸುಪಾಸಿನಲ್ಲಿ ಎಳೆಯುತ್ತವೆ. ಹತ್ತು ಪಟ್ಟು ದೂರದಲ್ಲಿರುವ ಹೊರೆಯನ್ನು ಸರಿದೂಗಿಸಬೇಕಾದರೆ ಸ್ನಾಯು ಹತ್ತು ಪಟ್ಟು ಬಲದಿಂದ ಎಳೆಯಬೇಕು. ಆ ಎಳೆತವೂ ಹೊರೆಯೂ ಕೂಡಿ ಕೀಲನ್ನು ಅದುಮುತ್ತವೆ. ಮಸಾಜಿನಲ್ಲಿ ಬೆರಳು ಹಿಡಿಯುವುದಕ್ಕಿಂತ ಒತ್ತುವುದೇ ಹೆಚ್ಚಾದರೂ ಸನ್ನೆಕೋಲಿನ ಈ ನಿಯಮ ಅಲ್ಲಿಯೂ ಬದಲಾಗುವುದಿಲ್ಲ.

ಈ ಬುಡದ ಕೀಲಿನ ಆಕಾರ ಕುದುರೆಯ ಬೆನ್ನಿನ ಮೇಲಿಟ್ಟ ಜೀನಿನಂಥದು. ಎರಡು ಎಲುಬುಗಳೂ ಒಂದು ದಿಕ್ಕಿಗೆ ಉಬ್ಬಿ ಇನ್ನೊಂದು ದಿಕ್ಕಿಗೆ ತಗ್ಗಿ, ಒಂದರ ಮೇಲೊಂದು ಸವಾರಿ ಮಾಡುತ್ತವೆ. ಹೆಬ್ಬೆರಳು ಎಲ್ಲ ಕಡೆಗೂ ತಿರುಗಬಲ್ಲದು, ಉಳಿದ ನಾಲ್ಕು ಬೆರಳುಗಳಿಗೂ ಎದುರಾಗಬಲ್ಲದು ಎನ್ನುವುದೆಲ್ಲ ಈ ಆಕಾರದ ಕೊಡುಗೆ. ಆದರೆ ಇಷ್ಟು ಸ್ವಾತಂತ್ರ್ಯವಿರುವ ಕೀಲಿಗೆ ಸ್ಥಿರತೆ ಕಡಿಮೆ. ಎಲುಬಿನ ತುದಿಗಳನ್ನು ಮುಚ್ಚಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಒತ್ತಡ ಬಿದ್ದಾಗ ಹಿಂಡಿಕೊಂಡು, ಒತ್ತಡ ತೆಗೆದಾಗ ಸುತ್ತಲಿನ ದ್ರವವನ್ನು ಹೀರಿಕೊಂಡು ಅದು ಬದುಕುತ್ತದೆ. ಒತ್ತುವುದು ಎಷ್ಟು ಮುಖ್ಯವೋ ಬಿಡುವುದೂ ಅದಕ್ಕೆ ಅಷ್ಟೇ ಮುಖ್ಯ. ಬಿಡುವು ಸಿಗದೆ ಸವೆದ ಮೃದ್ವಸ್ಥಿ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಹೆಬ್ಬೆರಳ ಬುಡದ ಈ ಸವೆತ 50 ದಾಟಿದ ಹೆಂಗಸರಲ್ಲಿ ಹೆಚ್ಚು ಎಂಬುದನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಈ ಕಸುಬಿನಲ್ಲಿ ಹೆಂಗಸರೇ ಬಹಳ.

ತೈವಾನಿನಲ್ಲಿ ದೃಷ್ಟಿಹೀನ ಮಸಾಜ್ ವೃತ್ತಿಪರರನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹತ್ತರಲ್ಲಿ ಏಳು ಮಂದಿ ಹಿಂದಿನ ಒಂದು ವರ್ಷದಲ್ಲಿ ಕೆಲಸದಿಂದ ಬಂದ ಮೈಕೈ ನೋವನ್ನು ಅನುಭವಿಸಿದ್ದರು. ಬೆರಳು ಅಥವಾ ಹೆಬ್ಬೆರಳಿನ ತೊಂದರೆ ಸುಮಾರು ಅರ್ಧದಷ್ಟು ಮಂದಿಗಿತ್ತು. ಇನ್ನೊಬ್ಬರ ನೋವು ಕಳೆಯುವುದೇ ಕಸುಬಾದವರ ಕೈಗಳ ಸ್ಥಿತಿ ಇದು.

ನೋವು ಕೀಲಿಗಷ್ಟೇ ಸೀಮಿತವಲ್ಲ. ಹೆಬ್ಬೆರಳನ್ನು ಹೊರಕ್ಕೂ ಹಿಂದಕ್ಕೂ ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದ ಇಕ್ಕಟ್ಟಾದ ಒಂದು ತೂಬಿನಲ್ಲಿ ಹಾದುಹೋಗುತ್ತವೆ. ದಿನವೂ ಸಾವಿರ ಸಲ ಉಜ್ಜಿದರೆ ಆ ತೂಬಿನ ಒಳಗೋಡೆ ದಪ್ಪವಾಗುತ್ತದೆ. ಕೊಡ ಎತ್ತುವಾಗ, ಬಟ್ಟೆ ಹಿಂಡುವಾಗ ಚುಚ್ಚಿದಂತಾಗುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕರ್ವೇನ್ 1895ರಲ್ಲಿ ವಿವರಿಸಿದ ಈ ತೊಂದರೆಗೆ ಇಂದಿಗೂ ಅವನದೇ ಹೆಸರು. ಮಣಿಕಟ್ಟಿನ ನಡುವೆ ಇನ್ನೊಂದು ಸುರಂಗವಿದೆ. ಅದರಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದು ನರ ತೂರಿಕೊಂಡು ಹೋಗುತ್ತದೆ. 1981ರಲ್ಲಿ ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಂಗಡಿಗರು ಈ ಸುರಂಗದೊಳಗಿನ ಒತ್ತಡವನ್ನು ಅಳೆದಾಗ ಆರೋಗ್ಯವಂತರಲ್ಲಿ ಮಣಿಕಟ್ಟು ನೇರವಾಗಿದ್ದಾಗ ಪಾದರಸದ 2.5 ಮಿ.ಮೀ. ಇತ್ತು, ಪೂರ್ತಿ ಮಡಚಿದಾಗ ಅಥವಾ ಹಿಂದಕ್ಕೆ ಬಾಗಿಸಿದಾಗ 30ರ ಹತ್ತಿರ ಏರಿತು. ನರದೊಳಗಿನ ಸೂಕ್ಷ್ಮ ರಕ್ತನಾಳಗಳ ಹರಿವು ಕುಂಠಿತವಾಗಲು 20–30 ಮಿ.ಮೀ. ಸಾಕು. ಅಂಗೈ ಬುಡದಿಂದ ಬೆನ್ನನ್ನು ತಳ್ಳುವಾಗ ಮಣಿಕಟ್ಟು ಹಿಂದಕ್ಕೆ ಬಾಗುತ್ತದಲ್ಲ, ಆ ಪ್ರತಿ ತಳ್ಳಿಗೂ ನರ ಹೀಗೆ ಹಿಂಡಿಸಿಕೊಳ್ಳುತ್ತದೆ. ರಾತ್ರಿ ಬೆರಳುಗಳಿಗೆ ಜೋಮು ಹಿಡಿದು ಎಚ್ಚರವಾಗುವುದು ಅದರ ಮೊದಲ ಸೂಚನೆ.

ಹಾಗಾದರೆ ಕೈಗೆ ಕಲಿಸಬೇಕಾದುದೇನು? ಎಲುಬಿನ ಮೇಲೆ ಎಲುಬು ನಿಲ್ಲಿಸುವುದು. ಹೆಬ್ಬೆರಳು, ಮಣಿಕಟ್ಟು, ಮೊಣಕೈ, ಭುಜ ಒಂದೇ ಸಾಲಿನಲ್ಲಿದ್ದರೆ ಬಲ ಎಲುಬುಗಳ ಮೂಲಕ ನೇರ ಹರಿಯುತ್ತದೆ. ಸನ್ನೆಕೋಲಿನ ದೂರ ಕುಗ್ಗುತ್ತದೆ, ಸ್ನಾಯು ಎಳೆಯಬೇಕಾದ ಬಲವೂ ಕುಗ್ಗುತ್ತದೆ. ಒಂದು ಹೆಬ್ಬೆರಳಿನ ಮೇಲೆ ಇನ್ನೊಂದು ಕೈಯನ್ನು ಆನಿಸಿದರೆ ಹೊರೆ ಹಂಚಿಹೋಗುತ್ತದೆ. ಬೆನ್ನು, ತೊಡೆಗಳಂಥ ಅಗಲವಾದ ಜಾಗಕ್ಕೆ ಮುಂಗೈಯೇ ಸಾಕು. ಬಲವನ್ನು ಸ್ನಾಯುವಿನಿಂದ ಹುಟ್ಟಿಸುವ ಬದಲು ಒಂದು ಕಾಲು ಮುಂದಿಟ್ಟು ಮೈಭಾರವನ್ನು ಮೆಲ್ಲನೆ ವಾಲಿಸಿದರೆ, ಆ ಕೆಲಸವನ್ನು ಗುರುತ್ವಾಕರ್ಷಣೆಯೇ ಮಾಡಿಕೊಡುತ್ತದೆ. ಥಾಯ್ ಮಸಾಜಿನವರು ಮೊಣಕೈ, ಮೊಣಕಾಲು, ಪಾದಗಳನ್ನು ಬಳಸುವುದರಲ್ಲಿ ಈ ವಿವೇಕವಿದೆ. ಕೇರಳದ ಚವಿಟ್ಟಿ ಉಳಿಚ್ಚಿಲ್‌ನಲ್ಲಿ ಮೇಲೆ ಕಟ್ಟಿದ ಹಗ್ಗ ಹಿಡಿದು ಪಾದದಿಂದ ನೀವುವಾಗಲೂ ಅಷ್ಟೇ: ಎಷ್ಟು ಭಾರ ಬಿಡಬೇಕೆಂಬುದನ್ನು ಹಗ್ಗ ಹಿಡಿದ ಕೈ ನಿರ್ಧರಿಸುತ್ತದೆ.

ಸೊಂಟ, ಟೇಬಲ್ ಮತ್ತು ಜೋಡಿ

ಸೊಂಟದಲ್ಲೂ ಇದೇ ಸನ್ನೆಕೋಲು ಇನ್ನೂ ದೊಡ್ಡ ಪ್ರಮಾಣದಲ್ಲಿದೆ. 55 ಕಿಲೋ ತೂಗುವವರ ತಲೆ, ತೋಳು, ಮುಂಡ ಸೇರಿದರೆ ಸುಮಾರು 35 ಕಿಲೋ. ಅವರು ತಗ್ಗಾದ ಟೇಬಲ್ಲಿನ ಮೇಲೆ ಬಗ್ಗಿದಾಗ ಆ ಭಾರದ ಕೇಂದ್ರ ಬೆನ್ನೆಲುಬಿನ ಬುಡದಿಂದ 20 ಸೆಂ.ಮೀ. ಮುಂದೆ ಸರಿಯಿತೆನ್ನಿ. ಬೆನ್ನನ್ನು ಹಿಡಿದಿಡುವ ಸ್ನಾಯುಗಳು ಬೆನ್ನೆಲುಬಿನಿಂದ 5 ಸೆಂ.ಮೀ. ಆಸುಪಾಸಿನಲ್ಲಿವೆ. ನಾಲ್ಕು ಪಟ್ಟು ದೂರವೆಂದರೆ ನಾಲ್ಕು ಪಟ್ಟು ಬಲ: 140 ಕಿಲೋ ಎಳೆತ. ಕೈಯಲ್ಲಿ ಯಾವ ಹೊರೆಯೂ ಇಲ್ಲದೆ, ಬರೀ ಬಗ್ಗಿ ನಿಂತದ್ದಕ್ಕೆ.

ನಿಂತಾಗ ಇಳಿಬಿಟ್ಟ ಕೈಯ ಮುಷ್ಟಿಯ ಗೆಣ್ಣುಗಳು ಟೇಬಲ್ಲಿನ ಮೇಲ್ಮೈಗೆ ತಾಗುವಂತಿರಬೇಕು ಎಂಬುದು ಈ ಕಸುಬಿನಲ್ಲಿ ಹೇಳಿಕೊಡುವ ಸುಲಭದ ಅಳತೆ. ಮಲಗಿದವರ ಮೈ ದಪ್ಪವಿದ್ದರೆ ಇನ್ನೂ ತಗ್ಗಿಸಬೇಕು. ಎತ್ತರ ಬದಲಿಸಬಲ್ಲ ಟೇಬಲ್ ಇದ್ದಲ್ಲಿ ಇದು ಅರ್ಧ ನಿಮಿಷದ ಕೆಲಸ. ಆದರೆ ಪಂಚಕರ್ಮ ಕೇಂದ್ರಗಳಲ್ಲಿರುವುದು ಮರದ ದ್ರೋಣಿ: ಎಣ್ಣೆ ಹೊರಚೆಲ್ಲದಂತೆ ಸುತ್ತ ಅಂಚಿರುವ, ಇಬ್ಬರು ಸೇರಿದರೂ ಅಲುಗದ ಭಾರದ ಹಾಸು. ಅದರ ಎತ್ತರವನ್ನು ಬಡಗಿ ಮಾಡಿಟ್ಟಂತೆಯೇ ಬಳಸಬೇಕು.

ಇನ್ನೊಂದು ತೊಡಕೂ ಇದೆ. ಅಭ್ಯಂಗವನ್ನು ಬಹಳ ಕಡೆ ಇಬ್ಬರು ಥೆರಪಿಸ್ಟರು ಎಡಬಲ ನಿಂತು, ಒಂದೇ ಲಯದಲ್ಲಿ ಮಾಡುತ್ತಾರೆ. ಒಬ್ಬರ ಕೈ ಭುಜದಿಂದ ಇಳಿಯುವಾಗ ಇನ್ನೊಬ್ಬರದೂ ಇಳಿಯಬೇಕು. ಒಬ್ಬರು ಐದಡಿ, ಇನ್ನೊಬ್ಬರು ಐದೂಮುಕ್ಕಾಲು ಅಡಿ ಇದ್ದರೆ ದ್ರೋಣಿ ಯಾವ ಎತ್ತರದ್ದಾದರೂ ಇಬ್ಬರಲ್ಲಿ ಒಬ್ಬರಿಗೆ ಹೊಂದುವುದಿಲ್ಲ. ಕುಳ್ಳಗಿರುವವರು ಭುಜ ಎತ್ತಿ ದುಡಿಯುತ್ತಾರೆ, ಉದ್ದವಿರುವವರು ಸೊಂಟ ಬಗ್ಗಿಸಿ ದುಡಿಯುತ್ತಾರೆ. ಲಯ ಒಂದೇ ಇರಬೇಕಾದ್ದರಿಂದ ಸುಸ್ತಾದವರು ನಿಧಾನಿಸುವಂತೆಯೂ ಇಲ್ಲ. ಇದಕ್ಕೆ ಬಿಡಿಗಾಸೂ ಖರ್ಚಿಲ್ಲದ ಪರಿಹಾರವಿದೆ: ಡ್ಯೂಟಿ ಪಟ್ಟಿ ಬರೆಯುವಾಗ ಹತ್ತಿರಹತ್ತಿರ ಎತ್ತರದವರನ್ನು ಜೋಡಿ ಮಾಡುವುದು, ತಗ್ಗಿನ ದ್ರೋಣಿಯ ಕೋಣೆಯನ್ನು ಕುಳ್ಳ ಜೋಡಿಗೆ ಕೊಡುವುದು. ಪಟ್ಟಿ ಬರೆಯುವ ಮ್ಯಾನೇಜರ್‌ಗೆ ಸನ್ನೆಕೋಲಿನ ಲೆಕ್ಕ ಗೊತ್ತಿದ್ದರೆ ಮಾತ್ರ ಇದು ಹೊಳೆಯುತ್ತದೆ.

ಬಿಡುವಿನ ಮಾತೂ ಹೀಗೆಯೇ. ಸ್ನಾಯು ಬಿಗಿಹಿಡಿದು ನಿಂತಾಗ ತನ್ನದೇ ರಕ್ತನಾಳಗಳನ್ನು ಅದುಮಿಕೊಳ್ಳುತ್ತದೆ. ಬೇಕಾದ ಆಮ್ಲಜನಕ ಬರುವುದಿಲ್ಲ, ಕೊಳೆ ಹೊರಗೆ ಹೋಗುವುದಿಲ್ಲ. ಹೆಚ್ಚು ಬಲದಿಂದ ಬಿಗಿಹಿಡಿದಷ್ಟೂ ಅದು ತಾಳುವ ಹೊತ್ತು ರಭಸದಿಂದ ಕುಸಿಯುತ್ತದೆ ಎಂಬುದನ್ನು ಜರ್ಮನಿಯ ವಾಲ್ಟರ್ ರೊಮೆರ್ಟ್ 1960ರಲ್ಲಿ ನಕ್ಷೆ ಬರೆದು ತೋರಿಸಿದ. ಒಂದು ಗಂಟೆಯ ಮಸಾಜಿಗೆ ಗಂಟೆಗೊಂದರಂತೆ ಬುಕಿಂಗ್ ಕೊಟ್ಟರೆ ಹಾಸು ಬದಲಿಸುವುದು, ಕೈ ತೊಳೆಯುವುದು, ನೀರು ಕುಡಿಯುವುದು ಎಲ್ಲವೂ ಸೊನ್ನೆ ನಿಮಿಷದಲ್ಲಿ ಆಗಬೇಕು. ಆಗ ಸ್ನಾಯುವಿಗೆ ಸಿಗಬೇಕಾದ ಬಿಡುವನ್ನು ಗಡಿಯಾರವೇ ಕಿತ್ತುಕೊಳ್ಳುತ್ತದೆ. ನಡುವೆ 15 ನಿಮಿಷ ಬಿಟ್ಟು, ಬಲದ ಮಸಾಜಾದ ಮೇಲೆ ಶಿರೋಧಾರೆಯಂಥ ಹಗುರ ಕೆಲಸವನ್ನು ಇಟ್ಟರೆ ಅದೇ ಎಂಟು ಗಂಟೆಯ ದಿನದಲ್ಲಿ ಕೈಗೆ ಚೇತರಿಸಿಕೊಳ್ಳುವ ಅವಕಾಶ ಸಿಗುತ್ತದೆ.

ಎಣ್ಣೆ ಹೋದಲ್ಲೆಲ್ಲ

ಕಸುಬುಗಳಿಂದ ಬರುವ ಕಾಯಿಲೆಗಳನ್ನು ಕುರಿತು 1700ರಲ್ಲಿ ಗ್ರಂಥ ಬರೆದ ಇಟಲಿಯ ವೈದ್ಯ ಬರ್ನಾರ್ದಿನೊ ರಾಮಾಜಿನಿ, ರೋಗಿಯನ್ನು ಕಂಡ ವೈದ್ಯ ‘ನಿಮ್ಮ ಕಸುಬೇನು?’ ಎಂದು ತಪ್ಪದೆ ಕೇಳಬೇಕೆಂದ. ಕೆಲಸಗಾರರ ಕಾಯಿಲೆಗಳಿಗೆ ಅವನು ಎರಡು ಮೂಲಗಳನ್ನು ಗುರುತಿಸಿದ: ದೇಹಕ್ಕೆ ಒಗ್ಗದ ಭಂಗಿ–ಚಲನೆಗಳು ಒಂದು, ಕೈಯಾಡಿಸುವ ಪದಾರ್ಥಗಳು ಇನ್ನೊಂದು. ಭಂಗಿಯ ಮಾತು ಮುಗಿಯಿತು. ಮಸಾಜ್ ಕೋಣೆಯ ಮುಖ್ಯ ಪದಾರ್ಥ ಎಣ್ಣೆ, ಅದು ಹೋದಲ್ಲೆಲ್ಲ ಅಪಾಯವೂ ಜೊತೆಗೇ ಹೋಗುತ್ತದೆ.

ಮೊದಲು ನೆಲ. ನಯವಾದ ಟೈಲ್ಸಿನ ಮೇಲೆ ಎಣ್ಣೆಯ ತೆಳುಪದರ ಬಿದ್ದರೆ ಹಿಮ್ಮಡಿಗೂ ನೆಲಕ್ಕೂ ನೇರ ಸಂಪರ್ಕವೇ ಇರುವುದಿಲ್ಲ. ಎಣ್ಣೆ ಹಚ್ಚಿಸಿಕೊಂಡವರು ದ್ರೋಣಿಯಿಂದ ಇಳಿದು ಹಬೆಪೆಟ್ಟಿಗೆಗೆ ನಡೆಯುವ ನಾಲ್ಕು ಹೆಜ್ಜೆಯೇ ಕೋಣೆಯ ಅತ್ಯಂತ ಅಪಾಯದ ಜಾಗ. ಜಾರಿದವರನ್ನು ಹಿಡಿಯಲು ಹೋಗಿ ಥೆರಪಿಸ್ಟ್ ಕೂಡ ಬೀಳುತ್ತಾರೆ. ಒರಟು ಮೇಲ್ಮೈಯ ಹಾಸುಗಲ್ಲು, ಇಳಿಯುವಲ್ಲಿ ಒಗೆದ ದಪ್ಪ ಬಟ್ಟೆ, ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ, ಬಿಸಿನೀರು–ಸೋಪಿನಿಂದ ಆಗಿಂದಾಗ್ಗೆ ತೊಳೆತ, ಇಷ್ಟು ಸಾಕು. ಮೈಗೆ ಒಣಪುಡಿ ಉಜ್ಜುವ ಉದ್ವರ್ತನದ ಹುರುಳಿಹಿಟ್ಟು ಎಣ್ಣೆಯ ಜೊತೆ ನೆಲದಲ್ಲಿ ಕಲಸಿದರೆ ಜಾರುವುದು ಇನ್ನೂ ಹೆಚ್ಚು. ಅದೇ ಹಿಟ್ಟು ಒಣಗಿದ್ದಾಗ ಗಾಳಿಯಲ್ಲಿ ತೇಲುತ್ತದೆ. ಹಿಟ್ಟಿನ ದೂಳು ಬೇಕರಿ ಕೆಲಸಗಾರರಿಗೆ ಆಸ್ತಮಾ ತರುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ವಿಚಾರ. ಕಿಟಕಿಯಿಲ್ಲದ ಕೋಣೆಯಲ್ಲಿ ಪುಡಿ ಉಜ್ಜುವವರಿಗೂ ಗಾಳಿ ಹೊರದಬ್ಬುವ ಫ್ಯಾನು ಬೇಕು, ಮೂಗಿಗೆ ಮಾಸ್ಕ್ ಬೇಕು.

ಎರಡನೆಯದು ಚರ್ಮ. ಲ್ಯಾವೆಂಡರ್‌ನಂಥ ಸುಗಂಧ ತೈಲಗಳಲ್ಲಿ ಲಿನಲೂಲ್, ಕಿತ್ತಳೆ–ನಿಂಬೆ ಸಿಪ್ಪೆಯ ತೈಲಗಳಲ್ಲಿ ಲಿಮೊನೀನ್ ಎಂಬ ಘಟಕಗಳಿವೆ. ತಾಜಾ ಇದ್ದಾಗ ಇವು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಬಾಟಲಿಯ ಮುಚ್ಚಳ ತೆರೆದಿಟ್ಟಂತೆ ಗಾಳಿಯ ಆಮ್ಲಜನಕದೊಡನೆ ಸೇರಿ ಹೈಡ್ರೊಪೆರಾಕ್ಸೈಡ್‌ಗಳಾಗುತ್ತವೆ; ಅವು ಚರ್ಮದ ರೋಗರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತವೆ. ಒಮ್ಮೆ ಅಲರ್ಜಿ ಹುಟ್ಟಿತೆಂದರೆ ಬಹುಮಟ್ಟಿಗೆ ಜೀವಮಾನದ ಸಂಗಾತಿ. ವಾರಕ್ಕೊಮ್ಮೆ ಮಸಾಜಿಗೆ ಬರುವವರ ಮೈಗೆ ಆ ಎಣ್ಣೆ ಒಂದು ಗಂಟೆ ತಾಗುತ್ತದೆ, ಥೆರಪಿಸ್ಟರ ಬೆರಳ ಸಂದಿಗಳಲ್ಲಿ ಅದು ದಿನವಿಡೀ ಇರುತ್ತದೆ. ‘ನೈಸರ್ಗಿಕ’ ಎಂಬ ಲೇಬಲ್ಲು ಇದನ್ನೇನೂ ಬದಲಿಸದು. ಚಿಕ್ಕ ಬಾಟಲಿ ಕೊಳ್ಳುವುದು, ಮುಚ್ಚಳ ಬಿಗಿ ಮಾಡುವುದು, ತೆರೆದ ದಿನಾಂಕ ಬರೆದಿಡುವುದು, ಕೈ ಕೆರೆದುಕೊಳ್ಳುತ್ತಿರುವವರಿಗೆ ಸುಗಂಧವಿಲ್ಲದ ಎಣ್ಣೆ ಕೊಡುವುದು, ಇವು ಮಾಡಬಹುದಾದ ಕೆಲಸಗಳು. ಪ್ರತಿಯೊಬ್ಬರಾದ ಮೇಲೂ ಕೈ ತೊಳೆಯಬೇಕು, 40ರಿಂದ 60 ಸೆಕೆಂಡು, ಸೋಪು–ನೀರಿನಿಂದಲೇ. ಎಣ್ಣೆ ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ತೊಳೆದ ಕೈಯನ್ನು ಒರೆಸಿ ಒಣಗಿಸದೆ ಮುಂದಿನ ಕೆಲಸಕ್ಕೆ ಹೋದರೆ ಬೆರಳ ಸಂದಿಯ ಚರ್ಮ ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆಯೂ ಸೋಂಕೂ ಒಳನುಗ್ಗುತ್ತವೆ.

ಮೂರನೆಯದು ಬಿಸಿ. ಎಷ್ಟು ಶಾಖಕ್ಕೆ ಎಷ್ಟು ಹೊತ್ತಿನಲ್ಲಿ ಚರ್ಮ ಸುಡುತ್ತದೆ ಎಂಬುದನ್ನು ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪರೀಕ್ಷಿಸಿದರು. 44 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 6 ಗಂಟೆ ಬೇಕು. 49ರಲ್ಲಿ 10 ನಿಮಿಷದೊಳಗೇ ಮುಗಿಯುತ್ತದೆ. 60ರಲ್ಲಿ 5 ಸೆಕೆಂಡು. ಹತ್ತಾರು ಡಿಗ್ರಿಯ ಅಂತರದಲ್ಲಿ ಗಂಟೆಗಳು ಸೆಕೆಂಡುಗಳಾಗುತ್ತವೆ. ಕಾವಲಿಯ ಮೇಲೆ ಸೊಪ್ಪಿನ ಪೊಟ್ಟಣ ಕಾಯಿಸಿ, ತಮ್ಮ ಅಂಗೈ ಹಿಂಭಾಗಕ್ಕೆ ತಾಗಿಸಿ ನೋಡಿ ಮೈಗಿಡುವುದು ರೂಢಿ. ಆ ಪರೀಕ್ಷೆ ಬೇಕೇಬೇಕು, ಆದರೆ ದಿನವೂ ಬಿಸಿ ಮುಟ್ಟುವ ಕೈಗೆ ಶಾಖದ ಅಂದಾಜು ತಪ್ಪಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿರುವವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ. ಎಣ್ಣೆಯ ಬಟ್ಟಲಿಗೆ ಇಳಿಬಿಡುವ ಒಂದು ಥರ್ಮಾಮೀಟರ್ ಇಬ್ಬರ ಚರ್ಮವನ್ನೂ ಕಾಯುತ್ತದೆ.

ನಾಲ್ಕನೆಯದು ಬೆಂಕಿ. ಇದನ್ನು ಕೇಳಿದವರು ಕಡಿಮೆ. ಎಣ್ಣೆಯ ಅಣುಗಳಲ್ಲಿರುವ ಅಪರ್ಯಾಪ್ತ ಕೊಂಡಿಗಳು ಗಾಳಿಯ ಆಮ್ಲಜನಕದೊಡನೆ ಕೂಡುವಾಗ ಶಾಖ ಹೊರಬರುತ್ತದೆ. ಬಟ್ಟೆ ಹರಡಿದ್ದರೆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಎಣ್ಣೆ ಕುಡಿದ ಟವೆಲ್ಲುಗಳನ್ನು ಬಿಸಿಯಿರುವಾಗಲೇ ಮಡಚಿ ಒಟ್ಟಿದರೆ ಶಾಖ ಒಳಗೇ ಉಳಿಯುತ್ತದೆ, ಶಾಖ ಹೆಚ್ಚಿದಂತೆ ಕ್ರಿಯೆ ಚುರುಕಾಗುತ್ತದೆ, ಕೊನೆಗೆ ಕಡ್ಡಿ ಗೀರದೆ ಬಟ್ಟೆ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದು ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತದ್ದು, 22ನೆಯ ಮಹಡಿಯಲ್ಲಿ ಬಿಟ್ಟಿದ್ದ ಅಗಸೆ ಎಣ್ಣೆಯ ಚಿಂದಿಬಟ್ಟೆಗಳು ಹೀಗೆ ತಾವೇ ಹೊತ್ತಿಕೊಂಡದ್ದರಿಂದ. ಎಣ್ಣೆಯೊಂದು ಎಷ್ಟು ಆಮ್ಲಜನಕ ಹೀರಬಲ್ಲದು ಎಂಬುದರ ಸುಳಿವು ಅದರ ಅಯೋಡಿನ್ ಮೌಲ್ಯದಲ್ಲಿದೆ. ಅಗಸೆ ಎಣ್ಣೆಗೆ ಅದು 170ಕ್ಕೂ ಮೇಲೆ, ಎಳ್ಳೆಣ್ಣೆಗೆ 110ರ ಆಸುಪಾಸು, ಹರಳೆಣ್ಣೆಗೆ 85ರ ಹತ್ತಿರ, ಕೊಬ್ಬರಿ ಎಣ್ಣೆಗೆ ಬರೀ 10. ಆಯುರ್ವೇದದ ಬಹುಪಾಲು ತೈಲಗಳ ಮೂಲ ಎಳ್ಳೆಣ್ಣೆ. ಅಗಸೆಯಷ್ಟಲ್ಲದಿದ್ದರೂ, ಡ್ರೈಯರಿನ ಬಿಸಿಯ ನೆರವು ಸಿಕ್ಕರೆ ಅದೂ ಹೊತ್ತಿಕೊಳ್ಳಬಲ್ಲದು. ರೆಸಾರ್ಟು, ಸ್ಪಾಗಳ ಒಗೆಯುವ ಕೋಣೆಯವರಿಗೆ ಇದನ್ನು ಕಲಿಸಲೇಬೇಕು: ಬಿಸಿನೀರಿನಲ್ಲಿ ಎಣ್ಣೆ ಪೂರ್ತಿ ಬಿಡುವವರೆಗೆ ಒಗೆಯಿರಿ, ಡ್ರೈಯರಿನಿಂದ ತೆಗೆದದ್ದನ್ನು ಆರುವವರೆಗೆ ಮಡಚಬೇಡಿ, ಎಣ್ಣೆಬಟ್ಟೆಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಿ. ಬಿಸಿಲಿಗೆ ಹಗ್ಗದ ಮೇಲೆ ಹರವುವ ನಮ್ಮ ಹಳೆಯ ಪದ್ಧತಿಯೇ ಇಲ್ಲಿ ಎಲ್ಲಕ್ಕಿಂತ ಕ್ಷೇಮ.

ಮುಚ್ಚಿದ ಬಾಗಿಲಿನ ಒಳಗೆ

ಭಂಗಿ ಮತ್ತು ಪದಾರ್ಥ ಎಂದು ರಾಮಾಜಿನಿ ಹೇಳಿದ ಎರಡಕ್ಕೆ ಈ ಕಸುಬು ಮೂರನೆಯದೊಂದನ್ನು ಸೇರಿಸುತ್ತದೆ: ಎದುರಿಗಿರುವ ಮನುಷ್ಯ. ಬಾಗಿಲು ಮುಚ್ಚಿದ ಕೋಣೆ, ಮಂದ ಬೆಳಕು, ಅಪರಿಚಿತ ಗಿರಾಕಿ, ಒಬ್ಬರೇ ಥೆರಪಿಸ್ಟ್. ಬೆಂಗಳೂರಿನ ಸ್ಪಾಗಳಲ್ಲಿ ದುಡಿಯುವವರಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರು ಬಹಳ ಮಂದಿ. ಊರು ಹೊಸತು, ಭಾಷೆ ಹೊಸತು, ದೂರು ಕೊಟ್ಟರೆ ಕೆಲಸ ಹೋಗುವ ಭಯ. ಅಸಭ್ಯ ಮಾತು, ಮೈಮುಟ್ಟುವಿಕೆಗಳನ್ನು ‘ಈ ಲೈನಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ನುಂಗಿಕೊಳ್ಳಲು ಕಲಿಸುವುದು ತರಬೇತಿಯಲ್ಲ.

ಕಾನೂನು ಸ್ಪಷ್ಟವಾಗಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ಕೆಲಸದ ಜಾಗಕ್ಕೆ ಬಂದುಹೋಗುವ ಹೊರಗಿನವರಿಂದಲೂ ನೌಕರರನ್ನು ಕಾಪಾಡುವುದು ಮಾಲೀಕರ ಕರ್ತವ್ಯವೆಂದು ಕಾಯ್ದೆ ಹೇಳುತ್ತದೆ. ಗಿರಾಕಿ ಇದರಿಂದ ಹೊರತಲ್ಲ. ಗಂಡಸರಾದ ಥೆರಪಿಸ್ಟರಿಗೆ ಈ ಕಾಯ್ದೆಯ ರಕ್ಷಣೆಯಿಲ್ಲ; ಅವರಿಗೆ ಸಂಸ್ಥೆಯ ನಿಯಮವೇ ಆಸರೆಯಾಗಬೇಕು.

ಥೆರಪಿಸ್ಟರಿಗೆ ಕಲಿಸಬೇಕಾದ್ದು ಒಂದು ಹಕ್ಕು: ನಿಲ್ಲಿಸುವ ಹಕ್ಕು. ‘ಇಲ್ಲಿಗೆ ಮಸಾಜ್ ನಿಲ್ಲಿಸುತ್ತಿದ್ದೇನೆ’ ಎಂದು ಒಂದೇ ವಾಕ್ಯ ಹೇಳಿ ಹೊರಬರುವುದನ್ನು ತರಬೇತಿಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು, ಏಕೆಂದರೆ ಹೆದರಿಕೆಯಾದಾಗ ಅಭ್ಯಾಸವಿಲ್ಲದ ಮಾತು ನಾಲಿಗೆಗೆ ಬರುವುದಿಲ್ಲ. ಉಳಿದದ್ದು ಮಾಲೀಕರ ಪಾಲು: ಒಳಗಿನಿಂದ ಚಿಲಕವಿಲ್ಲದ ಬಾಗಿಲು, ಕೈಗೆಟುಕುವಲ್ಲಿ ಕರೆಗಂಟೆ, ಬುಕಿಂಗ್ ಕೌಂಟರಿನಲ್ಲೇ ನಿಯಮದ ಫಲಕ, ಹೊರಬಂದವರಿಗೆ ಆ ಗಂಟೆಯ ಪೂರ್ತಿ ಸಂಬಳ.

ಇದೇ ಹಕ್ಕು ಗಿರಾಕಿಯ ಜೀವವನ್ನೂ ಉಳಿಸುತ್ತದೆ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಮುಖ್ಯವಾಗಿ ಇತ್ತೀಚೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವರಲ್ಲಿ. ಅಂಥ ಕಾಲನ್ನು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಹಾಗಾದ ಸಾವೊಂದನ್ನು ದೆಹಲಿಯ ಏಮ್ಸ್ ವೈದ್ಯರು ದಾಖಲಿಸಿದ್ದಾರೆ. ‘ಈ ಕಾಲಿಗೆ ಮಸಾಜ್ ಮಾಡುವುದಿಲ್ಲ, ಮೊದಲು ಡಾಕ್ಟರಿಗೆ ತೋರಿಸಿ’ ಎನ್ನುವ ಧೈರ್ಯ ಬರಬೇಕಾದರೆ, ಗಿರಾಕಿಯನ್ನು ವಾಪಸು ಕಳಿಸಿದ್ದಕ್ಕೆ ಯಾರೂ ಗದರುವುದಿಲ್ಲವೆಂಬ ಭರವಸೆ ಇರಬೇಕು.

ತರಬೇತಿ ಸೋಲುವುದೆಲ್ಲಿ

ಭಾರ ಎತ್ತುವ ಕೆಲಸಗಾರರಿಗೆ ‘ಸರಿಯಾಗಿ ಬಗ್ಗುವುದು ಹೇಗೆ’ ಎಂದು ಕಲಿಸಿದರೆ ಬೆನ್ನುನೋವು ಕಡಿಮೆಯಾಗುತ್ತದೆಯೇ? ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಂಥ ತರಬೇತಿಯಿಂದ ಬೆನ್ನುನೋವು ತಡೆಯಬಹುದು ಎನ್ನಲು ಪುರಾವೆ ಸಿಗಲಿಲ್ಲ ಎಂಬುದು ಅದರ ತೀರ್ಮಾನ. ಸುರಕ್ಷತೆಯ ತರಬೇತಿ ಕೊಡುವವರೆಲ್ಲ ಈ ತೀರ್ಮಾನವನ್ನು ಎದುರಿಗಿಟ್ಟುಕೊಂಡೇ ಪಾಠ ಶುರುಮಾಡಬೇಕು.

ಕಾರಣ ಊಹಿಸುವುದು ಕಷ್ಟವಲ್ಲ. ಮಣಿಕಟ್ಟು ನೇರ ಇಡಬೇಕೆಂದು ಬೆಳಿಗ್ಗೆ ಕಲಿತವರು ಮಧ್ಯಾಹ್ನದ ನಾಲ್ಕನೆಯ ಗಿರಾಕಿಯ ಹೊತ್ತಿಗೆ ದಣಿದಿರುತ್ತಾರೆ. ಟೇಬಲ್ ಅದೇ ಎತ್ತರದಲ್ಲಿದೆ, ನೆಲ ಹಾಗೇ ಜಾರುತ್ತಿದೆ, ಮುಂದಿನ ಬುಕಿಂಗ್ ಬಾಗಿಲಲ್ಲಿ ಕಾಯುತ್ತಿದೆ. ಆಗ ದೇಹ ಕಲಿತದ್ದನ್ನು ಬಿಟ್ಟು ಆ ಕ್ಷಣಕ್ಕೆ ಸುಲಭವಾದದ್ದನ್ನು ಮಾಡುತ್ತದೆ. ಕೆಲಸ ಬದಲಾಗದೆ ಕೆಲಸಗಾರರಷ್ಟೇ ಬದಲಾಗಬೇಕೆಂದು ಕೇಳುವ ತರಬೇತಿಯ ಗತಿ ಇದು. ಕೊನೆಗೆ ನೋವು ಬಂದಾಗ ‘ಹೇಳಿಕೊಟ್ಟಂತೆ ಮಾಡಲಿಲ್ಲ’ ಎಂಬ ತಪ್ಪೂ ಅವರ ತಲೆಗೇ ಬರುತ್ತದೆ.

ಔದ್ಯೋಗಿಕ ಸುರಕ್ಷತೆಯ ಶಾಸ್ತ್ರ ಅಪಾಯ ತಡೆಯುವ ದಾರಿಗಳನ್ನು ಮೆಟ್ಟಿಲುಗಳಾಗಿ ಜೋಡಿಸುತ್ತದೆ. ಎಲ್ಲಕ್ಕಿಂತ ಮೇಲೆ ಅಪಾಯವನ್ನೇ ತೆಗೆದುಹಾಕುವುದು. ನಂತರ ಕಡಿಮೆ ಅಪಾಯದ್ದನ್ನು ಬಳಸುವುದು. ಆಮೇಲೆ ಉಪಕರಣ ಮತ್ತು ಕಟ್ಟಡ ಬದಲಿಸುವುದು. ಅದರ ಕೆಳಗೆ ವೇಳಾಪಟ್ಟಿ, ನಿಯಮ, ತರಬೇತಿ. ಕೊನೆಗೆ ಕೈಗವಸು, ಮಾಸ್ಕು. ತರಬೇತಿಯ ಸ್ಥಾನ ಕೆಳಗಿನಿಂದ ಎರಡನೆಯದು. ಮೇಲಿನ ಮೆಟ್ಟಿಲುಗಳನ್ನು ಹತ್ತಬಲ್ಲವರು ಹಣ ಮತ್ತು ಅಧಿಕಾರ ಇರುವವರು. ಆದ್ದರಿಂದ ಮಸಾಜ್ ಥೆರಪಿಸ್ಟರ ಸುರಕ್ಷತಾ ತರಬೇತಿಯ ಮೊದಲ ಬೆಂಚಿನಲ್ಲಿ ಮಾಲೀಕರು, ಮ್ಯಾನೇಜರು, ಬುಕಿಂಗ್ ನೋಡಿಕೊಳ್ಳುವವರು ಕುಳಿತಿರಬೇಕು. ಸುಗಂಧವಿಲ್ಲದ ಎಣ್ಣೆ, ಎತ್ತರ ಬದಲಾಗುವ ಟೇಬಲ್, ಜೋಡಿಯ ಎತ್ತರ, 15 ನಿಮಿಷದ ಬಿಡುವು, ಕರೆಗಂಟೆ ಇವೆಲ್ಲ ಅವರ ಸಹಿಯಿಂದಲೇ ಆಗಬೇಕಾದವು.

ಥೆರಪಿಸ್ಟರ ಪಾಲಿನ ಕಲಿಕೆ ಇದರಿಂದ ಚಿಕ್ಕದಾಗುವುದಿಲ್ಲ, ಸಾರ್ಥಕವಾಗುತ್ತದೆ. ಭಾಷಣದ ಬದಲು ಅವರು ತಕ್ಕಡಿಯ ಮೇಲೆ ಹೆಬ್ಬೆರಳು ಒತ್ತಿ ನೋಡಲಿ, ಅದೇ ಒತ್ತನ್ನು ಮುಂಗೈಯಿಂದ ಕೊಟ್ಟು ವ್ಯತ್ಯಾಸ ತಿಳಿಯಲಿ. ಒಬ್ಬರು ಮಸಾಜ್ ಮಾಡುವಾಗ ಇನ್ನೊಬ್ಬರು ಪಕ್ಕದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು ಸೊಂಟ, ಮಣಿಕಟ್ಟು ಎಲ್ಲಿ ಬಾಗಿದವೆಂದು ಕೂತು ನೋಡಲಿ. ಎರಡು ವಾರವಾದರೂ ಹೋಗದ ನೋವು, ರಾತ್ರಿಯ ಜೋಮು, ಕೈಯ ತುರಿಕೆ ಇವನ್ನು ಹೇಳಿಕೊಳ್ಳಲು ಒಂದು ರಿಜಿಸ್ಟರ್ ಇರಲಿ, ಹೇಳಿಕೊಂಡವರ ಡ್ಯೂಟಿ ಬದಲಾಗಲಿ, ಸಂಬಳ ಕಡಿತವಾಗದಿರಲಿ. ಆರಂಭದಲ್ಲೇ ಗೊತ್ತಾದ ನೋವು ಬಿಡುವಿನಿಂದ ವಾಸಿಯಾಗುತ್ತದೆ, ಮುಚ್ಚಿಟ್ಟದ್ದು ಕಸುಬನ್ನೇ ಕಸಿದುಕೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮಾಲೀಕರೇ ಇಲ್ಲದ ದೊಡ್ಡ ಗುಂಪೊಂದು ಉಳಿಯುತ್ತದೆ. ನಮ್ಮ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಬಾಣಂತಿಗೆ, ಕೂಸಿಗೆ ಎಣ್ಣೆ–ನೀರು ಹಾಕಲು ಮನೆಮನೆಗೆ ಹೋಗುವ ಹೆಂಗಸರಿದ್ದಾರೆ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಬೆನ್ನು ಬಗ್ಗಿಸಿ ಉಜ್ಜುತ್ತಾರೆ. ಬಾಣಂತಿಗೆ ಹಂಡೆಯ ಸುಡುನೀರನ್ನು ತಂಬಿಗೆ ತಂಬಿಗೆ ಎತ್ತಿ ಹುಯ್ಯುತ್ತಾರೆ. ಎಣ್ಣೆ ಚೆಲ್ಲಿದ ಕಲ್ಲಿನ ನೆಲ, ಒಲೆಯ ಹೊಗೆ, ಸಾಂಬ್ರಾಣಿ ಹೊಗೆ ಎಲ್ಲ ಅಲ್ಲೇ. ಎಷ್ಟೋ ಮಂದಿಗೆ ವಯಸ್ಸು ಅರವತ್ತು ದಾಟಿರುತ್ತದೆ. ಅವರನ್ನು ಯಾವ ತರಬೇತಿ ಕೇಂದ್ರವೂ ಕರೆಯುವುದಿಲ್ಲ. ಆದರೆ ನವಜಾತ ಶಿಶುವನ್ನು ನೋಡಲು ಆಶಾ ಕಾರ್ಯಕರ್ತೆಯರು ಅದೇ ಮನೆಗಳಿಗೆ ಹೋಗುತ್ತಾರೆ. ನೀರಿನ ಬಿಸಿ ಅಳೆಯುವುದು, ಬಚ್ಚಲಿಗೆ ಒರಟು ಹಾಸು ಹಾಕುವುದು, ಎತ್ತರದ ಮಣೆ ಕೊಡುವುದು, ಹೊಗೆ ಹೋಗಲು ಕಿಟಕಿ ತೆರೆಯುವುದು, ಇಷ್ಟನ್ನು ಮನೆಯವರಿಗೆ ಹೇಳಲು ಅವರಿಗಿಂತ ಸೂಕ್ತರು ಇಲ್ಲ. 2013ರ ಕಾಯ್ದೆಯೂ ಮನೆಯನ್ನು ಕೆಲಸದ ಸ್ಥಳವೆಂದು ಒಪ್ಪುತ್ತದೆ. ಸುರಕ್ಷತೆಯ ಮಾತಿನಲ್ಲೂ ನಾವು ಹಾಗೆ ಒಪ್ಪಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರ ಜೂನ್‌ನಲ್ಲಿ ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಕೆಲಸಗಾರರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಆ ಹಕ್ಕು ಒಂದು ಸ್ಪಾಗೆ ಅಥವಾ ಪಂಚಕರ್ಮ ಕೇಂದ್ರಕ್ಕೆ ತಲುಪಿದೆಯೇ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು, ಗಿರಾಕಿಯೂ ಕೇಳಬಹುದು. ಎರಡು ಬುಕಿಂಗ್‌ಗಳ ನಡುವೆ ಬಿಡುವಿದೆಯೇ? ಟೇಬಲ್ಲಿನ ಎತ್ತರ ಕೆಲಸ ಮಾಡುವವರಿಗೆ ಹೊಂದುತ್ತದೆಯೇ? ನಡುವೆ ನಿಲ್ಲಿಸಿ ಹೊರಬಂದ ಥೆರಪಿಸ್ಟರ ಸಂಬಳ ಉಳಿಯುತ್ತದೆಯೇ? ಈ ಮೂರಕ್ಕೂ ಹೌದು ಎನ್ನಲಾಗದ ಕಡೆ ಗೋಡೆಯ ಮೇಲೆ ಎಷ್ಟು ಪ್ರಮಾಣಪತ್ರ ತೂಗುಹಾಕಿದ್ದರೂ ಸುರಕ್ಷತೆಯ ತರಬೇತಿ ಇನ್ನೂ ಶುರುವಾಗಿಲ್ಲ.